ಎಡಗಿವಿಯ ಕುದುರೆ

ಮಲಕಪ್ಪನ ಮನೆತನದವರಿಗೆ ಎಡಗಿವಿಯಲ್ಲಿ ಕುದುರೆ ಓಡುತ್ತದೆ. ಕೇಳಿ ನಗಬೇಡಿ, ಆ ಮನೆಯವರು ಇದನ್ನು ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಾರೆ. ಹುನಗುಂದದ ಕಡೆಯ ಅವರ ಊರಲ್ಲಿ ಹೊಲ ಉಳ್ಳವರಿದ್ದರು, ಎತ್ತು ಉಳ್ಳವರಿದ್ದರು. ಆದರೆ ಮನೆದೇವರಾದ ಮೈಲಾರಲಿಂಗನ ಬಿಳಿ ಕುದುರೆ ಕಿವಿಯೊಳಗೇ ಬಂದುಹೋಗುವ ಮನೆ ಅದೊಂದೇ. ಎಡಮಗ್ಗುಲಾಗಿ ಮಲಗಿ ಕಿವಿಯನ್ನು ದಿಂಬಿಗೆ ಒತ್ತಿದರೆ ಸಾಕು, ಎಲ್ಲೋ ದೂರದಿಂದ ಗೊರಸಿನ ಸಪ್ಪಳ ಬರುತ್ತಿತ್ತು. ದಬಕ್, ದಬಕ್, ದಬಕ್. ಕೇಳುತ್ತ ಕೇಳುತ್ತ ಹತ್ತಿರವಾಗಿ, ಕಿವಿಯ ಬಾಗಿಲಲ್ಲೇ ನಿಂತು ಕಾಲು ಕೆದರುತ್ತಿತ್ತು.

ಎಲ್ಲರಿಗೂ ಕೇಳುತ್ತಿರಲಿಲ್ಲ. ಮಲಕಪ್ಪನ ಅಜ್ಜಿ ಶರಣಮ್ಮನಿಗೆ ಕೇಳುತ್ತಿತ್ತು, ಅವಳ ಮಗ ಭೀಮಪ್ಪನಿಗೆ ಕೇಳುತ್ತಿತ್ತು, ಭೀಮಪ್ಪನ ಮಗ ಮಲಕಪ್ಪನಿಗೆ ಮೀಸೆ ಮೂಡುವ ಹೊತ್ತಿಗೆ ಕೇಳತೊಡಗಿತು. ಹೊರಗಿನಿಂದ ಬಂದ ಸೊಸೆಯರಿಗೆ ಮಾತ್ರ ಎಷ್ಟು ಕಿವಿ ಒತ್ತಿದರೂ ಹತ್ತಿಯ ಗರಗರ ಬಿಟ್ಟು ಬೇರೇನೂ ಇಲ್ಲ. ದೇವರಿಗೆ ತನ್ನವರು ಯಾರು ಅನ್ನುವುದು ಗೊತ್ತಿರುತ್ತದೆ ಎಂದು ಶರಣಮ್ಮ ಸೊಸೆಯರ ಮುಂದೆಯೇ ಹೇಳಿಬಿಡುತ್ತಿದ್ದಳು, ಅವಳ ನಾಲಿಗೆಗೆ ಲಂಗುಲಗಾಮು ಇರಲಿಲ್ಲ. ಮೊದಲ ಸಲ ಸಪ್ಪಳ ಕೇಳಿದವರ ಹಣೆಗೆ ದೇವರ ಅರಿಶಿನವಾದ ಭಂಡಾರ ಬಳಿಯುತ್ತಿದ್ದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅವರ ದಿಂಬಿನ ಪಕ್ಕ ಒಂದು ಬಟ್ಟಲು ಕಡಲೆ, ಚೆನ್ನಾಗಿ ಉಪ್ಪು ಹಾಕಿ ನೆನೆಸಿದ್ದು. ಕುದುರೆಗೆ ನೈವೇದ್ಯ. ಮರುದಿನ ಬೆಳಿಗ್ಗೆ ಅದೇ ಮನೆಮಂದಿಗೆಲ್ಲ ಪ್ರಸಾದ.

ಆ ಕುದುರೆ ಬಂದುಹೋಗುತ್ತಿತ್ತು, ಜೊತೆಗೆ ಕೆಲವರನ್ನು ಕರೆದುಕೊಂಡೂ ಹೋಗುತ್ತಿತ್ತು. ಶರಣಮ್ಮ ರೊಟ್ಟಿ ಬಡಿಯುತ್ತ ಕೂತವಳು ಹಾಗೇ ಹಿಟ್ಟಿನ ಮೇಲೆ ಒರಗಿದಳು. ಭೀಮಪ್ಪ ಹಾಡುಹಗಲೇ ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದುಕೊಂಡೇ ಬಿದ್ದ, ಬಾಯಿ ಒಂದು ಕಡೆಗೆ ವಾಲಿತ್ತು. ಕುದುರಿ ಕರಕೊಂಡು ಹೋತು ಎಂದರು ಊರವರು, ಎಂಥ ಪುಣ್ಯದ ಸಾವು ಎಂದರು. ಅಂಥ ಸಾವಿಗೆ ಗಟ್ಟಿಯಾಗಿ ಅಳುವಂತಿರಲಿಲ್ಲ. ಅತ್ತರೆ ಕುದುರೆ ಬೆದರಿ ಹತ್ತಿದವರನ್ನು ನಡುದಾರಿಯಲ್ಲಿ ಕೆಡವುತ್ತದೆಯಂತೆ. ಮಲಕಪ್ಪನ ತಾಯಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ದಿನದ ಅಪ್ಪನಿಗಿಂತ ಈಗ ತನಗೇ ವಯಸ್ಸು ಹೆಚ್ಚು ಅನ್ನುವುದು ಮಾತ್ರ ಅವನಿಗೆ ಎಂದೂ ಹೊಳೆದಿರಲಿಲ್ಲ.

ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದ ಮಲಕಪ್ಪ ಪೀಣ್ಯದ ಎರಡನೇ ಹಂತದಲ್ಲಿ ಗೇಜು ತಯಾರಿಸುವ ಒಂದು ಸಣ್ಣ ಕಾರ್ಖಾನೆ ಸೇರಿದ. ಬಾಯ್ಲರಿನಲ್ಲಿ, ಪಂಪಿನಲ್ಲಿ ಒತ್ತಡ ಎಷ್ಟಿದೆ ಎಂದು ತೋರಿಸುವ ದುಂಡನೆಯ ಗಡಿಯಾರದಂಥ ಗೇಜುಗಳು. ಹೊಸ ಗೇಜನ್ನು ಬೆಂಚಿಗೆ ಬಿಗಿದು, ಪಕ್ಕದಲ್ಲಿ ಸರಿಯಾದದ್ದೆಂದು ಪ್ರಮಾಣವಾದ ಮಾಸ್ಟರ್ ಗೇಜ್ ಇಟ್ಟು, ಚಕ್ರ ತಿರುಗಿಸಿ ಎಣ್ಣೆಯ ಒತ್ತಡ ಏರಿಸುತ್ತ, ಎರಡರ ಮುಳ್ಳೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡುವುದು ಅವನ ಕೆಲಸ. ಓದುವ ಮೊದಲು ಗಾಜಿಗೆ ಬೆರಳಿನಿಂದ ಮೆಲ್ಲಗೆ ಎರಡು ತಟ್ಟು ತಟ್ಟಬೇಕು, ಅಂಟಿಕೊಂಡ ಮುಳ್ಳು ಆಗ ತನ್ನ ಜಾಗಕ್ಕೆ ಬರುತ್ತದೆ. ಈ ಚಟ ಎಷ್ಟು ಹತ್ತಿತ್ತೆಂದರೆ ಆಟೊದ ಮೀಟರು, ತರಕಾರಿಯವಳ ತಕ್ಕಡಿ, ಮನೆಯ ಗೋಡೆ ಗಡಿಯಾರ, ಮುಳ್ಳಿರುವ ಯಾವುದನ್ನೂ ಅವನು ತಟ್ಟದೆ ನಂಬುತ್ತಿರಲಿಲ್ಲ. ಹೆಂಡತಿ ಸವಿತಾ ಇವನನ್ನು ಸಂತೆಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದಳು.

ನಾಗಸಂದ್ರದವರೆಗೆ ಮೆಟ್ರೊ ಬಂದ ವರ್ಷ ಮಲಕಪ್ಪನ ಕೈಕಾಲು ಸೋತವು. ಬೆಂಚಿನ ಚಕ್ರ ತಿರುಗಿಸಲು ಹೋದರೆ ಬೆರಳು ಬಗ್ಗಲಿಲ್ಲ, ಕೂತಲ್ಲಿಂದ ಏಳಲು ಇಬ್ಬರು ಹಿಡಿಯಬೇಕಾಯಿತು. ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು. ಮೂತ್ರಪಿಂಡದ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತಿರುವ ಗ್ರಂಥಿಯಲ್ಲಿ ಗೋಲಿಯಷ್ಟು ದಪ್ಪದ ಗಂಟು ಇದೆ, ಅದು ಬೇಡದ ರಸ ಸುರಿಸಿ ಮೈಯೊಳಗಿನ ಪೊಟ್ಯಾಶಿಯಂ ಎಲ್ಲ ಹೊರಗೆ ಚೆಲ್ಲುತ್ತಿದೆ, ರಕ್ತದೊತ್ತಡವನ್ನು ಮೇಲಕ್ಕೆ ದಬ್ಬುತ್ತಿದೆ ಎಂದರು. ಕೊಯ್ದು ತೆಗೆದರು. ಕೈಕಾಲಿಗೆ ಬಲ ಬಂತು, ಒತ್ತಡ ಇಳಿಯಿತು. ಒಂದು ಸಣ್ಣ ಮಾತ್ರೆ ಮುಂದುವರಿಸಿ, ಮನೆಯ ಹತ್ತಿರದ ಡಾಕ್ಟರಿಗೆ ಆಗಾಗ ತೋರಿಸುತ್ತಿರಿ ಎಂದು ಹೇಳಿ ಕಳಿಸಿದರು. ಮಾತ್ರೆಯ ಮಾತನ್ನು ಮಲಕಪ್ಪ ಅರ್ಧ ಕಿವಿಯಲ್ಲಿ ಕೇಳಿದ. ಕೆಟ್ಟ ಭಾಗ ಬಿಚ್ಚಿ ಬಿಸಾಕಿದ ಮೇಲೆ ಮುಳ್ಳು ಕೆಳಗೆ ಇಳಿಯಲೇಬೇಕು, ಅವನ ಬೆಂಚಿನ ಮೇಲೆ ಎಂದೂ ಹಾಗೇ ನಡೆದಿತ್ತು. ಮಾತ್ರೆಯ ಪಟ್ಟಿ ದೇವರ ಜಗಲಿಯ ಮೇಲಿನ ಫೋಟೊದ ಹಿಂದೆ ಸೇರಿತು.

ಆದರೆ ಕುದುರೆ ನಿಂತುಹೋಯಿತು.

ಬೆಳಗಿನ ಪಾಳಿ ಮುಗಿಸಿ ಬಂದು ಬಾಗಲಗುಂಟೆಯ ಬಾಡಿಗೆ ಮನೆಯಲ್ಲಿ ಮಧ್ಯಾಹ್ನ ಅಡ್ಡಾದಾಗ ಅವನು ಎಡಗಿವಿಯನ್ನು ದಿಂಬಿಗೆ ಒತ್ತಿ ಕಾಯುತ್ತಿದ್ದ. ಗಾಳಿಗೆ ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು. ದೂರದಲ್ಲಿ ಕಂಬಗಳ ಮೇಲೆ ಮೆಟ್ರೊ ಸುಯ್ ಎಂದು ಹೋಗುತ್ತಿತ್ತು. ಗೊರಸಿನ ಸದ್ದಿಲ್ಲ. ನಿದ್ದೆ ಹತ್ತಿದರೆ ಅದೇ ಕನಸು: ಪೀಣ್ಯದ ತಗಡಿನ ಶೆಡ್ಡುಗಳ ನಡುವೆ ಬಿಳಿ ಕುದುರೆಯೊಂದು ತಲೆ ತಗ್ಗಿಸಿಕೊಂಡು ನಡೆಯುತ್ತಿದೆ. ಒಂದೊಂದು ಗೇಟಿನ ಮುಂದೆ ನಿಂತು ಮೂಸಿ ನೋಡುತ್ತದೆ. ವಾಚ್‌ಮನ್‌ಗಳು ಯಾರೂ ಅದನ್ನು ತಡೆಯುವುದಿಲ್ಲ. ಮಲಕಪ್ಪ ಕೂಗಬೇಕೆನ್ನುತ್ತಾನೆ, ಅಪ್ಪ ಸತ್ತ ದಿನ ಅಮ್ಮ ಮಾಡಿದಂತೆ ತನ್ನ ಬಾಯಲ್ಲೂ ಬಟ್ಟೆ ತುರುಕಿರುತ್ತದೆ. ಡಾಕ್ಟರು ತೆಗೆದದ್ದು ಗಂಟಲ್ಲ, ಕುದುರೆ ಕಟ್ಟುವ ಗೂಟ ಇದ್ದಿರಬೇಕು ಅನ್ನಿಸಿ ಎಚ್ಚರವಾಗುತ್ತಿತ್ತು. ತಲೆತಲಾಂತರದಿಂದ ಬಂದದ್ದನ್ನು ತಾನೊಬ್ಬ ಕಳೆದುಬಿಟ್ಟೆನಲ್ಲ ಎಂದು ಮತ್ತೆ ಕಿವಿಯನ್ನು ದಿಂಬಿಗೆ ಒತ್ತುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಮಗಳು ಶಿವಗಂಗಾ ಅವನ ಪಕ್ಕ ಬಂದು ಕೂತಳು. ಹೋದ ವರ್ಷವಷ್ಟೇ ಗಾರ್ಮೆಂಟ್ಸ್ ಸೇರಿದ್ದ ಹುಡುಗಿ, ಒಬ್ಬಳೇ ಮಗಳು. ಬಾಗಲಗುಂಟೆಯಲ್ಲೇ ಬೆಳೆದವಳು, ಮಾತು ಅರ್ಧ ಇಲ್ಲಿಯದು, ಅರ್ಧ ಊರಿನದು. ಸಣ್ಣವಳಿದ್ದಾಗ ಅಪ್ಪನ ದಿಂಬಿಗೆ ತನ್ನ ಕಿವಿಯನ್ನೂ ಒತ್ತಿ, ನನಗ್ಯಾಕೆ ಕೇಳಲ್ಲ ಎಂದು ಅತ್ತವಳು ಅವಳು. ಈಗ ಮುಖ ಅರಳಿಸಿಕೊಂಡು, ಗುಟ್ಟು ಹೇಳುವವಳಂತೆ ಬಗ್ಗಿ ಹೇಳಿದಳು.

"ಅಪ್ಪಾ, ನಿನ್ನ ಬಿಟ್ಟುಹೋದ ಕುದುರಿ ನನ್ನ ಹತ್ರ ಬಂದೈತಿ. ತಿಂಗಳಾತು."

ಮಲಕಪ್ಪನಿಗೆ ಕಣ್ಣು ತುಂಬಿ ಬಂತು. ಕಳೆದಿಲ್ಲ, ಮನೆ ಬಿಟ್ಟು ಹೋಗಿಲ್ಲ, ಮಗಳ ಕಿವಿಗೆ ದಾಟಿದೆ. ತಾನೇ ಎದ್ದು ಜಗಲಿಯಿಂದ ಭಂಡಾರ ತಂದು ಅವಳ ಹಣೆ ತುಂಬ ಬಳಿದ. ಆ ದಿನ ಅವಳ ದಿಂಬಿನ ಪಕ್ಕ ಕಡಲೆಯ ಬಟ್ಟಲು ಬಂತು. ಕಡಲೆ ನೆನೆಸಿದವಳು ಸವಿತಾ. ಹೊರಗಿನ ಸೊಸೆ, ಕುದುರೆಯ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಮಲಕಪ್ಪನ ಎಡಗಿವಿಯಲ್ಲೂ ಮತ್ತೆ ಗೊರಸು ಸದ್ದು ಮಾಡಿತು. ಮೊದಲು ಮೆತ್ತಗೆ, ಹುಲ್ಲಿನ ಮೇಲೆ ನಡೆದಂತೆ, ಆಮೇಲೆ ಸ್ಪಷ್ಟವಾಗಿ. ಅವನು ಹಿಗ್ಗಿದ. ಮನೆಗೆ ಈಗ ಎರಡೆರಡು ಕುದುರೆ. ಅದೇ ವಾರ ಸವಿತಾಳ ಕಾಟ ತಾಳಲಾರದೆ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದ. ಅಲ್ಲಿಯ ಡಾಕ್ಟರ್ ರಕ್ಷಿತಾ ಎಳೆಯ ಪ್ರಾಯದವಳು, ಮಾತು ಕಡಿಮೆ. ತೋಳಿಗೆ ಪಟ್ಟಿ ಸುತ್ತಿ, ಕೈಯಲ್ಲಿ ಹಿಡಿಯುವ ಡಯಲ್ ನೋಡಿದಳು, ಇನ್ನೊಮ್ಮೆ ನೋಡಿದಳು. ಒತ್ತಡ ಆಪರೇಷನ್ನಿಗೆ ಮುಂಚಿನಷ್ಟಲ್ಲದಿದ್ದರೂ ಜಾಸ್ತಿಯೇ ಇತ್ತು. ಮಾತ್ರೆ ತಗೊಳ್ತಿದ್ದೀರಾ ಎಂದು ಕೇಳಿದಳು. ಗಂಟೇ ಹೋದ ಮೇಲೆ ಮಾತ್ರೆ ಯಾಕೆ ಎಂದು ಇವನು ಕೇಳಿದ. ಮನೆಯಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರಿಗಾದರೂ ಬೀಪಿ ಇತ್ತಾ ಎಂದಾಗ, ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಎಂದು ಗಟ್ಟಿಯಾಗಿ ಹೇಳಿದ. ಸುಳ್ಳಲ್ಲ ಅದು. ಆ ವಂಶದಲ್ಲಿ ಯಾರ ತೋಳಿಗೂ ಪಟ್ಟಿಯನ್ನೇ ಕಟ್ಟಿರಲಿಲ್ಲ.

ಅವನ ಕಣ್ಣು ಡಯಲಿನ ಮೇಲೆ ಬಿತ್ತು. ಕೈ ಚಾಚಿ ಗಾಜಿಗೆ ಎರಡು ತಟ್ಟು ತಟ್ಟಿದ. ಈ ಮೀಟರು ಕೆಟ್ಟಿದೆ, ಮುಳ್ಳು ಮೇಲೆ ನಿಂತುಬಿಟ್ಟಿದೆ, ಒಂದು ದಿನ ಕೊಟ್ಟರೆ ತಾನೇ ಚೆಕ್ ಮಾಡಿ ತರುತ್ತೇನೆ ಎಂದ. ಬೇರೆ ಡಾಕ್ಟರಾಗಿದ್ದರೆ ಎದ್ದು ಹೋಗಯ್ಯಾ ಅನ್ನುತ್ತಿದ್ದರು. ರಕ್ಷಿತಾ ಅವನ ಮುಖ ನೋಡಿ ಸ್ವಲ್ಪ ಯೋಚಿಸಿ, ಪಟ್ಟಿ ಸಮೇತ ಅದನ್ನು ಅವನ ಕೈಗೆ ಇಟ್ಟಳು. ತಪ್ಪಿದ್ದರೆ ತನಗೂ ಗೊತ್ತಾಗಲಿ ಎಂದಳು.

ಮರುದಿನ ಊಟದ ಬಿಡುವಿನಲ್ಲಿ ಕಾರ್ಖಾನೆ ಖಾಲಿಯಾಗಿತ್ತು. ತಗಡಿನ ಸಂದಿಯಿಂದ ಬಿದ್ದ ಬಿಸಿಲುಕೋಲುಗಳಲ್ಲಿ ಧೂಳು ನಿಧಾನವಾಗಿ ತೇಲುತ್ತಿತ್ತು. ಕಡಿಮೆ ಒತ್ತಡದ ಗೇಜುಗಳಿಗೆಂದು ಗೋಡೆಗೆ ನೆಟ್ಟಿದ್ದ ಪಾದರಸದ ಕೊಳವೆಗೆ ಮಲಕಪ್ಪ ಆ ಡಯಲನ್ನು ಜೋಡಿಸಿದ. ಮೆಲ್ಲಗೆ ಗಾಳಿ ಒತ್ತಿದ. ಪಾದರಸ ಏರಿತು, ಮುಳ್ಳು ಏರಿತು. ಮೇಲೆ, ನಡುವೆ, ಕೆಳಗೆ, ಎಲ್ಲ ಕಡೆ ತಟ್ಟಿ ತಟ್ಟಿ ನೋಡಿದ. ಎಲ್ಲಾದರೂ ಒಂದು ಗೀಟಿನಷ್ಟು ತಪ್ಪು ಸಿಗಲಪ್ಪ ಎಂದು ಅವನು ಯಾವ ಗೇಜಿನಲ್ಲೂ ಹೀಗೆ ಬೇಡಿಕೊಂಡವನಲ್ಲ. ಮುಳ್ಳು ಪಾದರಸದ ಜೊತೆ ಜೊತೆಗೇ ಹೋಯಿತು, ಜೊತೆಗೇ ಬಂತು. ಮೀಟರು ಸರಿಯಾಗಿತ್ತು.

ಆದರೂ ಮನಸ್ಸು ಒಪ್ಪಲಿಲ್ಲ. ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡು ಗಾಳಿ ತುಂಬಿ, ಡಾಕ್ಟರು ಮಾಡಿದಂತೆ ಸ್ವಲ್ಪ ಸ್ವಲ್ಪವೇ ಬಿಟ್ಟ. ಮುಳ್ಳು ಕೆಳಗೆ ಜಾರುತ್ತ ಜಾರುತ್ತ ಒಂದು ಕಡೆ ಕುಣಿಯತೊಡಗಿತು. ಸಣ್ಣ ಸಣ್ಣ ನೆಗೆತ. ಅವನು ಅಭ್ಯಾಸಬಲದಿಂದ ಎಡಗಿವಿಯನ್ನು ಭುಜಕ್ಕೆ ಒತ್ತಿ ಮುಚ್ಚಿದ. ಒಳಗೆ ದಬಕ್ ಎಂದಾಗ ಹೊರಗೆ ಮುಳ್ಳು ನೆಗೆಯಿತು. ಮತ್ತೆ ದಬಕ್, ಮತ್ತೆ ನೆಗೆತ. ಗಾಜಿನ ಹಿಂದೆ, ಅಂಗೈಯಗಲದ ಬಿಳಿ ಮೈದಾನದಲ್ಲಿ ಅವನ ಮನೆದೇವರ ಕುದುರೆ ಓಡುತ್ತಿತ್ತು. ಇಷ್ಟು ವರ್ಷ ಕೇಳಿದ್ದನ್ನು ಮಲಕಪ್ಪ ಅಂದು ಕಣ್ಣಿಂದ ಕಂಡ. ಎಂಥ ಚೆಂದ ಇತ್ತು ಅದು! ನೋಡುತ್ತ ನೋಡುತ್ತ ಅವನು ಅಲ್ಲೇ ತೇಲಿಹೋದಂತಾದ. ರೊಟ್ಟಿಯ ಹಿಟ್ಟಿನ ಮೇಲೆ ಒರಗಿದ ಅಜ್ಜಿ ಕಂಡಳು, ಬಾವಿಕಟ್ಟೆಯ ಮೇಲೆ ವಾಲಿದ ಬಾಯಿ ಕಂಡಿತು, ಹಿಂದೆಯೇ ಭಂಡಾರ ಬಳಿದ ಎಳೆಯ ಹಣೆಯೊಂದು ಕಂಡಿತು. ಆ ಭಂಡಾರವನ್ನು ಬಳಿದ ಕೈ ತನ್ನದೇ.

ಮಲಕಪ್ಪ ಆ ಪಾಳಿ ಮುಗಿಸಲಿಲ್ಲ. ಸೀದಾ ಕ್ಲಿನಿಕ್ಕಿಗೆ ಬಂದು ಡಯಲನ್ನು ಮೇಜಿನ ಮೇಲೆ ಇಟ್ಟ.

"ಮೀಟರ್ ಸರಿ ಐತ್ರಿ ಮೇಡಂ. ನಮ್ಮನ್ಯಾಗ ಬೀಪಿ ಇಲ್ಲ ಅಂದಿದ್ನೆಲ್ರಿ... ಕುದುರಿ ಐತ್ರಿ."

ರಕ್ಷಿತಾ ನಗಲಿಲ್ಲ. ಅವನು ಹೇಳಿದ್ದನ್ನೆಲ್ಲ ಕೇಳಿದಳು, ಅಜ್ಜಿಯಿಂದ ಹಿಡಿದು ಕಡಲೆಯವರೆಗೆ. ಕಿವಿಯಲ್ಲಿ ಸದ್ದು ಕೇಳಿಸಿದ ಮಾತ್ರಕ್ಕೆ ಬೀಪಿ ಎಂದು ಹೇಳಲಾಗುವುದಿಲ್ಲ, ಅಳೆದೇ ನೋಡಬೇಕು. ಆದರೆ ಇಷ್ಟು ಜನ ಹೀಗೆ ಹೋಗಿದ್ದಾರೆಂದರೆ ಮನೆತನದ್ದೇ ಇರಬೇಕು ಎಂದಳು. ಗಂಟು ತೆಗೆಸಿದ್ದು ದಂಡವಾಗಲಿಲ್ಲ, ತೆಗೆಸದಿದ್ದರೆ ಕೈಕಾಲು ಏಳುತ್ತಿರಲಿಲ್ಲ ಎಂದೂ ಹೇಳಿದಳು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮಾತು ನಿಧಾನ ಮಾಡಿದಳು.

"ಗಂಟು ಬರೋಕ್ಕೆ ಮುಂಚೇನೇ ನಿಮ್ಮ ರಕ್ತದಲ್ಲಿ ಮನೆತನದ ಬೀಪಿ ಒಂದಿತ್ತು ಮಲಕಪ್ಪನವರೇ. ಅದು ನಿಮ್ಮ ತಂದೆ ಕೊಟ್ಟಿದ್ದು, ಅವರಿಗೆ ಅವರ ತಾಯಿ. ಅದನ್ನ ಯಾವ ಸರ್ಜನ್ ಕೈಲೂ ತೆಗೆಯಕ್ಕಾಗಲ್ಲ. ಹಿಡಿತದಲ್ಲಿ ಇಟ್ಕೋಬಹುದು, ಅಷ್ಟೆ. ಈಗ ಹೇಳಿ, ಮನೇಲಿ ಇನ್ಯಾರಿಗೆ ಕೇಳಿಸ್ತಿದೆ?"

ಮಲಕಪ್ಪನಿಗೆ ಮಗಳ ಹೆಸರು ಬಾಯಿಂದ ಹೊರಡಲಿಲ್ಲ. ನಾಳೆ ಬರುತ್ತೇನೆ ಎಂದು ಎದ್ದು ಬಂದ.

ಬಂದವನು ಮನೆಯಲ್ಲಿ ಮೂಲೆ ಹಿಡಿದ. ಭಂಡಾರ ಬಳಿದ ಹಣೆಯನ್ನು ಡಾಕ್ಟರ ಮುಂದೆ ಹೇಗೆ ಒಡ್ಡುವುದು? ದೇವರು ಮುನಿದರೆ? ಇದು ರೋಗ ಎಂದರೆ ಅಪ್ಪನ ಸಾವು ಏನಾಯಿತು? ಪುಣ್ಯದ ಸಾವೆಂದು ಇಷ್ಟು ವರ್ಷ ನಂಬಿ ಅಳದೇ ಉಳಿದದ್ದು ಏನಾಯಿತು? ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಸವಿತಾಳಿಗೆ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ನನಗ ಕುದುರಿ ಸಪ್ಪಳ ಒಂದು ದಿನಾನೂ ಕೇಳಿಲ್ಲ. ಅದು ಕರಕೊಂಡು ಹೋದವರ ಮನೀ ಹೆಂಗ ಇರ್ತೈತಿ, ಅದು ಅತ್ತೀನ ನೋಡಿ ಗೊತ್ತೈತಿ. ನಾಳೆ ನೀವು ಬರ್ರಿ, ಬಿಡ್ರಿ. ನಾ ನನ್ನ ಮಗಳನ್ನ ಕರಕೊಂಡು ಹೋಗಾಕಿ."

ಸೊಸೆಯಾಗಿ ಬಂದಂದಿನಿಂದ ಅವಳು ಕುದುರೆಯ ಬಗ್ಗೆ ಆಡಿದ ಮೊದಲ ಮಾತು ಅದು. ಮಲಕಪ್ಪ ಗೋಡೆಗೆ ಮುಖ ಮಾಡಿಕೊಂಡು ಅತ್ತ, ಸಣ್ಣ ಹುಡುಗನಂತೆ ಗಟ್ಟಿಯಾಗಿ. ಪಕ್ಕದ ಮನೆಯವರು ಟೀವಿ ಸದ್ದು ಇಳಿಸಿದರು. ಅವನ ಅಪ್ಪನಿಗಾಗಿ ಆ ಮನೆತನದಲ್ಲಿ ಯಾರೂ ಅಳದೇ ಉಳಿದಿದ್ದ ಅಳು ಅದು.

ಮರುದಿನ ಮೂವರೂ ಹೋದರು. ಶಿವಗಂಗಾಳ ತೋಳಿಗೆ ಪಟ್ಟಿ ಸುತ್ತಿದಾಗ ಮಲಕಪ್ಪ ಡಯಲನ್ನು ನೋಡುತ್ತ ನಿಂತ. ಕೈ ತಟ್ಟಲು ಹೋಯಿತು, ತಡೆದುಕೊಂಡ. ಮುಳ್ಳು ಬಹಳ ಮೇಲೆಯೇ ಕುಣಿಯಿತು. ಗಾಬರಿಗೆ ಏರಿರಬಹುದು ಎಂದು ರಕ್ಷಿತಾ ಇನ್ನೊಂದು ವಾರ, ಮತ್ತೊಂದು ವಾರ ಕರೆಸಿ ನೋಡಿದಳು. ಮುಳ್ಳು ತನ್ನ ಮಾತು ಬದಲಿಸಲಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸಿ ರಕ್ತ, ಸ್ಕ್ಯಾನ್ ಎಲ್ಲ ಮಾಡಿಸಿದರು. ಹುಡುಗಿಯ ಗ್ರಂಥಿಯಲ್ಲಿ ಗಂಟಿರಲಿಲ್ಲ, ಎಲ್ಲ ಸ್ವಚ್ಛವಾಗಿತ್ತು. ಗಂಟಿಲ್ಲ ಅಂದಾಗ ಸವಿತಾ ಕೈಮುಗಿದಳು. ಮಲಕಪ್ಪ ಮಾತ್ರ ಸ್ಕ್ಯಾನಿನ ಕಾಗದವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಕೊಯ್ದು ತೆಗೆಯಬಹುದಾದದ್ದು ಮಗಳಲ್ಲಿ ಏನೂ ಇಲ್ಲ. ಇರುವುದು ತಾನು ಕೊಟ್ಟದ್ದು ಮಾತ್ರ. ಉಪ್ಪು ಕಡಿಮೆ ಮಾಡಬೇಕು, ದಿನಾ ಒಂದು ಮಾತ್ರೆ ತಪ್ಪಬಾರದು ಎಂದು ಅವಳಿಗೂ ಹೇಳಿದರು.

ಶಿವಗಂಗಾ ಮಾತ್ರೆ ಮುಟ್ಟಲಿಲ್ಲ. ಗಾರ್ಮೆಂಟ್ಸಿನಿಂದ ಬಂದವಳು ಊಟ ಮಾಡುವಳು, ಗೋಡೆಯ ಕಡೆ ತಿರುಗಿ ಎಡಮಗ್ಗುಲಾಗಿ ಮಲಗಿಬಿಡುವಳು. ಅವಳ ಮುಖದಲ್ಲಿ ಆಗ ಒಂದು ತೃಪ್ತಿ ಇರುತ್ತಿತ್ತು, ಯಾರೋ ಬೇಕಾದವರು ಬಾಗಿಲಿಗೆ ಬಂದಂತೆ. ಆ ತೃಪ್ತಿ ಮಲಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ತನ್ನದೂ ಅದೇ ಆಗಿತ್ತಲ್ಲ. ಅವಳ ಉಸಿರನ್ನು ನೋಡುತ್ತ ಕೂತರೆ ಆ ಬಿಳಿ ಕುದುರೆ ಅವಳ ತಲೆದೆಸೆಯಲ್ಲಿ ಬಗ್ಗಿ ನಿಂತಂತೆ ಅವನಿಗೆ ಕಾಣುತ್ತಿತ್ತು. ಮೊದಲ ಬಾರಿಗೆ ಅವನಿಗೆ ಅದರ ಭಯವಾಯಿತು.

ಭಾನುವಾರ ಸಂಜೆ. ಸವಿತಾ ಕಡಲೆ ನೆನೆಸಿ ಬಟ್ಟಲು ತಂದಿಟ್ಟಳು. ಉಪ್ಪು ಹಾಕಿರಲಿಲ್ಲ. ಇನ್ನು ಮೇಲೆ ಕುದುರೆಗೂ ಸಪ್ಪೆಯೇ ಎಂದು ಹೇಳಿ ಒಳಗೆ ಹೋದಳು. ಮಲಕಪ್ಪ ಜಗಲಿಯ ಫೋಟೊದ ಹಿಂದಿನಿಂದ ತನ್ನ ಮಾತ್ರೆಯ ಪಟ್ಟಿ ತೆಗೆದ, ಮಗಳ ಪಟ್ಟಿಯನ್ನೂ ತಂದು ಅವಳ ಮುಂದೆ ಕೂತ. ಹುಡುಗಿ ತನ್ನ ಪಟ್ಟಿಯನ್ನು ಬೆರಳಿನಿಂದ ಆಚೆ ಸರಿಸಿದಳು.

"ನಿಮಗೆಲ್ಲ ಬಂದ್ರೆ ದೇವ್ರು. ನಂಗೆ ಬಂದ್ರೆ ರೋಗ ಅಲ್ವಾ ಅಪ್ಪಾ?"

ಕಂಬಗಳ ಮೇಲೆ ಮೆಟ್ರೊ ಹೋಯಿತು, ಕಿಟಕಿಯ ಗಾಜಿನ ಮೇಲೆ ಅದರ ಬೆಳಕು ಸಾಲಾಗಿ ಹರಿದು ಆರಿತು. ಅವಳ ಧ್ವನಿ ಸಣ್ಣದಾಯಿತು.

"ಈ ಗುಳಿಗಿ ತಗೊಂಡ್ರೆ ಕುದುರಿ ಬರೂದಿಲ್ಲೇನು?"

ಮಲಕಪ್ಪ ಸುಳ್ಳು ಹೇಳಬಹುದಿತ್ತು. ಮಗಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಅವಳ ಮಣಿಕಟ್ಟಿನಲ್ಲಿ, ಅವನ ಹೆಬ್ಬೆರಳಿನ ಕೆಳಗೆ, ಅದು ಓಡುತ್ತಲೇ ಇತ್ತು.

"ಬಂದ್ರ ಬಂದೀತು, ಬರದಿದ್ರ ಇಲ್ಲ. ಆದ್ರ ಬಂದ್ರ ನಿನ್ನ ಕರಕೊಂಡು ಹೋಗೂದಿಲ್ಲವ್ವಾ."

ತನ್ನ ಮಾತ್ರೆಯನ್ನು ಅವನು ಮೊದಲು ನುಂಗಿದ. ಆಮೇಲೆ ನೀರಿನ ಚೊಂಬನ್ನು ಮಗಳ ಕಡೆ ಚಾಚಿ, ಅವಳು ಕೈ ನೀಡುವವರೆಗೂ ಹಾಗೇ ಹಿಡಿದುಕೊಂಡು ಕೂತ.